ಜಗಲಿ ಮೇಲೆ ಸ್ಪೀಕರ್ ಫೋನು

ಏರ್‌ಪೋರ್ಟ್ ಲೌಂಜಿಗೆ ಕನ್ನಡದಲ್ಲಿ 'ವಿಶ್ರಾಂತಿ ಕೊಠಡಿ' ಅಂತ ಬರೆದರೆ ಈಗ ನಗು ಬರುತ್ತೆ. ವಿಶ್ರಾಂತಿ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಅಲ್ಲಿ ಸಿಗುತ್ತೆ. ಇಡ್ಲಿ ಸಿಗುತ್ತೆ, ಪಾಸ್ತಾ ಸಿಗುತ್ತೆ, ಅದೃಷ್ಟ ಇದ್ದರೆ ಚಾರ್ಜಿಂಗ್ ಪಾಯಿಂಟೂ ಸಿಗುತ್ತೆ. ಒಂದು ಕಾಲಕ್ಕೆ ಬಿಸಿನೆಸ್ ಕ್ಲಾಸಿನವರ ಜಾಗ ಅದು. ಆಮೇಲೆ ಬ್ಯಾಂಕುಗಳು ಕಾರ್ಡಿನ ಜೊತೆ ಲೌಂಜನ್ನೂ ಹಂಚಿದವು. ಎರಡು ರೂಪಾಯಿ ಸ್ವೈಪ್ ಮಾಡಿದರೆ ಊಟ ಫ್ರೀ ಅಂದಮೇಲೆ ಕ್ಯೂ ಬಾಗಿಲಿನಿಂದ ಆಚೆ ಬರದೆ ಇರುತ್ತಾ? ನಾನೂ ಆ ಕ್ಯೂನಲ್ಲಿ ನಿಲ್ಲುವವನೇ. ಹಾಗಾಗಿ ಜನ ಜಾಸ್ತಿ ಆದ್ರು ಅನ್ನೋ ತಕರಾರು ನನ್ನದಲ್ಲ. ನನ್ನ ತಕರಾರು ಸದ್ದಿನದ್ದು.

ಒಂದು ಗಂಟೆ ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಒಬ್ಬರು ಕಿವಿಗೆ ಇಯರ್‌ಬಡ್ ಹಾಕಿಕೊಂಡು ಕ್ವಾರ್ಟರ್ ರಿಸಲ್ಟ್ ಮಾತಾಡ್ತಿರ್ತಾರೆ, ತಮ್ಮ ದನಿ ಎಷ್ಟು ದೊಡ್ಡದು ಅನ್ನೋದು ಅವರಿಗೇ ಕೇಳಲ್ಲ. ಇನ್ನೊಬ್ಬರು ರೀಲ್ಸ್ ನೋಡ್ತಿರ್ತಾರೆ. ಒಂದೊಂದು ರೀಲೂ ಅರ್ಧಕ್ಕೇ ತುಂಡಾಗಿ ಮುಂದಿನದು ಶುರುವಾಗುತ್ತೆ, ಯಾವ ಹಾಡಿನ ಪಲ್ಲವಿಯೂ ಮುಗಿಯಲ್ಲ. ಮಗುವಿನ ಕೈಯಲ್ಲಿ ಟ್ಯಾಬ್, ಅದರಲ್ಲಿ ಬೆಳಗಿನಿಂದ ಅದೇ ಕಾರ್ಟೂನು. ಮೂಲೆಯ ಸೋಫಾದಲ್ಲಿ ವಿಡಿಯೋ ಕಾಲ್: "ಕೇಳಿಸ್ತಾ ಇದೆಯಾ? ನನಗೆ ಕೇಳಿಸ್ತಾ ಇದೆ." ನಮಗೂ ಕೇಳಿಸ್ತಾ ಇರುತ್ತೆ.

ಇಷ್ಟು ಬರೆದ ಮೇಲೆ ನನ್ನ ಊರಿನ ಬಗ್ಗೆ ಹೇಳದೆ ಇದ್ದರೆ ನ್ಯಾಯ ಆಗಲ್ಲ. ನಾನು ಸಿದ್ದಾಪುರ ತಾಲ್ಲೂಕಿನವನು. ಓದಿದ್ದು ಶಿರಸಿಯಲ್ಲಿ, ಆಯಿಯ ತವರು ಯಲ್ಲಾಪುರದ ಕಡೆ. ಈ ಮೂರೂ ತಾಲ್ಲೂಕಿನ ಜನಕ್ಕೆ ಇರೋ ಒಂದು ಬಿರುದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು: ನಾವು ಮಾತಾಡಿದರೆ ಜಗಳ ಆಡಿದ ಹಾಗೆ ಇರುತ್ತೆ. ಬೆಂಗಳೂರಿನ ನನ್ನ ಮನೆಗೆ ಊರಿಂದ ನೆಂಟರು ಬಂದ ದಿನ ಪಕ್ಕದ ಫ್ಲ್ಯಾಟಿನವರು ಬಂದು "ಎಲ್ಲ ಸರಿಯಿದೆಯಾ?" ಅಂತ ವಿಚಾರಿಸಿದ್ದುಂಟು. ಒಳಗೆ ನಡೀತಾ ಇದ್ದದ್ದು ಅಪ್ಪೆಹುಳಿಗೆ ಇಂಗಿನ ಒಗ್ಗರಣೆ ಸಾಕೋ ಬೇಕೋ ಅನ್ನೋ ಚರ್ಚೆ.

ಇದಕ್ಕೊಂದು ಕಾರಣ ಇದೆ. ನಮ್ಮ ಕಡೆ ಮನೆಗಳು ಒತ್ತೊತ್ತಾಗಿಲ್ಲ. ಗುಡ್ಡದ ಬುಡದಲ್ಲಿ ಒಂದು ಮನೆ, ಅದರ ಕೆಳಗೆ ಅಡಿಕೆ ತೋಟ, ಹಳ್ಳ ದಾಟಿ ಆಚೆ ದಿಬ್ಬದಲ್ಲಿ ಇನ್ನೊಂದು ಮನೆ. ತೋಟದ ತುದಿಯಲ್ಲಿ ಇರುವವರಿಗೆ ಊಟಕ್ಕೆ ಬನ್ನಿ ಅಂತ ಹೇಳಬೇಕಾದರೆ ಅಂಗಳದ ಅಂಚಿಗೆ ಬಂದು 'ಕೂ' ಅಂತ ಉದ್ದಕ್ಕೆ ಕೂಗಬೇಕು. ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ ಹೊಡೀತಾ ಇದ್ದರೆ ಒಂದೇ ಜಗಲಿಯಲ್ಲಿ ಕೂತವರೂ ದನಿ ಎತ್ತಬೇಕು. ಎತ್ತರದ ದನಿ ಅಂದ್ರೆ ಅಲ್ಲಿ ಉಪಕಾರ. ಆಮೇಲೆ ಫೋನ್ ಬಂತು. ಲ್ಯಾಂಡ್‌ಲೈನಿನ ಕರಕರ ಸದ್ದಿನ ಮಧ್ಯೆ ಕೂಗಿಯೇ ಮಾತಾಡಿದರು. ಮೊಬೈಲ್ ಬಂದ ಮೇಲೆ ಸಿಗ್ನಲ್ ಅರ್ಧ ಕಡ್ಡಿ. 2020ರ ಲಾಕ್‌ಡೌನಿನಲ್ಲಿ ನಮ್ಮ ಮಾವನ ಮಗ ಯಲ್ಲಾಪುರದ ಮನೆಯ ಹಿಂದಿನ ಗುಡ್ಡದ ಮೇಲೆ ತಾಡಪಾಲು ಕಟ್ಟಿಕೊಂಡು ಆಫೀಸ್ ಮೀಟಿಂಗ್ ಮಾಡಿದ್ದಾನೆ, ಅದೂ ಕೂಗಿ ಕೂಗಿಯೇ. ನೆಟ್‌ವರ್ಕ್ ಕಡಿಮೆ ಇದ್ದಷ್ಟೂ ಗಂಟಲು ಜಾಸ್ತಿ ಕೆಲಸ ಮಾಡುತ್ತೆ.

ಹಾಗಂತ ನಮ್ಮವರಿಗೆ ಸದ್ದಿನ ಶಿಸ್ತು ಗೊತ್ತಿಲ್ಲ ಅಂದ್ಕೋಬೇಡಿ. ಹಳೇ ಮನೆಗಳ ಜಗಲಿ ಒಂದು ಬಗೆಯ ಲೌಂಜೇ. ಬಂದವರಿಗೆ ಮೊದಲು ಆಸರಿಗೆ, ಆಮೇಲೆ ಕವಳದ ಬಟ್ಟಲು. ಯಾವ ಕಾರ್ಡೂ ಬೇಡ. ಅಲ್ಲಿ ಅಡಿಕೆ ವ್ಯಾಪಾರದ ಮಾತು ನಡೆಯುತ್ತೆ, ಜಾತಕ ನೋಡ್ತಾರೆ, ನಗ್ತಾರೆ, ವಾದ ಮಾಡ್ತಾರೆ. ಆದರೆ ಮಧ್ಯಾಹ್ನ ಊಟ ಆಗಿ ಯಾರೋ ಒಬ್ಬರು ಕಂಬಕ್ಕೆ ತಲೆ ಕೊಟ್ಟು ಚಾಪೆ ಮೇಲೆ ಅಡ್ಡಾದರೆ ಉಳಿದವರ ದನಿ ತಾನಾಗಿ ಇಳಿಯುತ್ತೆ. ಯಾರೂ ಬೋರ್ಡು ಹಾಕಿಲ್ಲ. ಸುಗ್ಗಿಯಲ್ಲಿ ರಾತ್ರಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುವಾಗ ಹರಟೆಯೋ ಹರಟೆ. ಅದೇ ಜನ ತಾಳಮದ್ದಲೆಗೆ ಕೂತರೆ ಗಂಟೆಗಟ್ಟಲೆ ಕೆಮ್ಮೋಕೂ ಹಿಂದೆಮುಂದೆ ನೋಡ್ತಾರೆ. ಎಲ್ಲಿ ಕೂಗಬೇಕು, ಎಲ್ಲಿ ಕೂಗಬಾರದು ಅನ್ನೋದು ಆ ಜಾಗಗಳಲ್ಲಿ ಎಲ್ಲರಿಗೂ ಗೊತ್ತಿತ್ತು.

ಲೌಂಜಿನ ಕಷ್ಟ ಏನಂದ್ರೆ, ಅದು ಯಾರ ಜಗಲಿಯೂ ಅಲ್ಲ. ಅಲ್ಲಿ ಯಾರೂ ಯಾರ ನೆಂಟರೂ ಅಲ್ಲ. ಹಾಗಾಗಿ ಯಾರ ಸದ್ದು ಅಸಭ್ಯ, ಯಾರ ಸದ್ದು 'ವರ್ಕ್' ಅಂತ ತೀರ್ಮಾನ ಮಾಡೋರು ಯಾರು? ಇದು ನನಗೆ ಅರ್ಥವಾದದ್ದು ಅಪ್ಪಯ್ಯನ ಜೊತೆ ಹೋದಾಗ.

ತಂಗಿ ದೆಹಲಿಯಲ್ಲಿದ್ದಾಳೆ. ಅವಳ ಮನೆಗೆ ಹೊರಟಿದ್ವಿ. ಅಪ್ಪಯ್ಯನಿಗೆ 71 ವರ್ಷ, ಮೊದಲನೇ ವಿಮಾನ. ಯಾವ ಊರಿನ ಏರ್‌ಪೋರ್ಟು ಅನ್ನೋದು ಇಲ್ಲಿ ಮುಖ್ಯ ಅಲ್ಲ, ಎಲ್ಲ ಕಡೆಯೂ ಇದೇ ಕಥೆ. ಲೌಂಜಿನಲ್ಲಿ ತಟ್ಟೆ ಹಿಡ್ಕೊಂಡು ಬಂದು ಕೂತ ಅಪ್ಪಯ್ಯ ಕೇಳಿದರು: "ತಮಾ, ಇದಕ್ಕೆಲ್ಲ ದುಡ್ಡು ಕೊಡದು ಬ್ಯಾಡ್ದಾ? ಎಷ್ಟು ಬೇಕಾದ್ರೂ ಉಣ್ಲಕ್ಕಾ?" ತೋಟದ ತುದಿಗೆ ಮುಟ್ಟುವ ದನಿಯಲ್ಲಿ ಕೇಳಿದರು. ಇಬ್ಬರು ತಿರುಗಿ ನೋಡಿ ನಕ್ಕರು. ಎದುರಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ನನ್ನದೇ ವಯಸ್ಸಿನ ಒಬ್ಬ, "ಅಂಕಲ್, ಸ್ವಲ್ಪ ನಿಧಾನ ಮಾತಾಡ್ತೀರಾ ಪ್ಲೀಸ್" ಅಂದ. ಬೈಯ್ಯಲಿಲ್ಲ, ಮರ್ಯಾದೆಯಿಂದಲೇ ಹೇಳಿದ. ಅಪ್ಪಯ್ಯನಿಗೆ ಅವನು ಹೇಳಿದ್ದು ಕೇಳಲಿಲ್ಲ, ನನ್ನ ಮುಖ ನೋಡಿದರು. ನಾನು "ಹೂಂ ಅಪ್ಪಯ್ಯ, ಉಣ್ಲಕ್ಕು" ಅಂದೆ. ಅಷ್ಟರಲ್ಲಿ ಸುತ್ತಲಿನವರ ಮುಖ ನೋಡಿ ಅವರಿಗೆ ವಿಷಯ ಗೊತ್ತಾಗಿತ್ತು.

ಸ್ವಲ್ಪ ಹೊತ್ತಿಗೆ ಆ ಹುಡುಗನಿಗೆ ಕಾಲ್ ಬಂತು. ಇಪ್ಪತ್ತು ನಿಮಿಷ ಮಾತಾಡಿದ. ಎರಡು ಮೇಜಿನಾಚೆ ಕೂತವರಿಗೂ ಅವನ ಕ್ಲೈಂಟಿನ ಹೆಸರು, ಡೆಡ್‌ಲೈನು, ಮ್ಯಾನೇಜರ್ ಮೇಲಿನ ಸಿಟ್ಟು ಎಲ್ಲ ಬಾಯಿಪಾಠ ಆಗುವಷ್ಟು. ಅವನ ಕಡೆ ಯಾರೂ ತಿರುಗಿ ನೋಡಲಿಲ್ಲ. ಇಂಗ್ಲಿಷಿನಲ್ಲಿ ಆಡಿದ ಆ ಮಾತು ಅಪ್ಪಯ್ಯನ ಮಾತಿಗಿಂತ ಮೆಲ್ಲಗೇನೂ ಇರಲಿಲ್ಲ. ನಾನು ಎದ್ದು ಹೋಗಿ, ಪಕ್ಕದಲ್ಲಿ ಬಗ್ಗಿ, "ನಮ್ಮಪ್ಪನಿಗೆ ಕಿವಿ ಕಡಿಮೆ, ಅದಕ್ಕೆ ಜೋರಾಗಿ ಮಾತಾಡ್ತಾರೆ. ನಿಮ್ಮದೂ ಸ್ವಲ್ಪ ಜೋರಾಗಿ ಕೇಳ್ತಾ ಇದೆ" ಅಂದೆ. ಅವನು ಗಾಬರಿಯಾಗಿ "ಅಯ್ಯೋ ಸಾರಿ" ಅಂದ, ದನಿ ಇಳಿಸಿದ. ಕೆಟ್ಟವನೇನಲ್ಲ. ತನ್ನ ದನಿ ಅವನಿಗೆ ನಿಜವಾಗಿಯೂ ಕೇಳ್ತಾ ಇರಲಿಲ್ಲ.

ಆದರೆ ಅಪ್ಪಯ್ಯ ದೆಹಲಿ ಮುಟ್ಟೋವರೆಗೂ ಮಾತಾಡಲಿಲ್ಲ. ಕಿಟಕಿ ಪಕ್ಕದ ಸೀಟು ಕೊಡಿಸಿದ್ದೆ, ಮೋಡ ನೋಡಿ ಏನಾದರೂ ಹೇಳ್ತಾರೆ ಅಂದ್ಕೊಂಡಿದ್ದೆ. ಹೇಳಲಿಲ್ಲ. ತಂಗಿಯ ಮನೆಯಲ್ಲೂ ಮೊಮ್ಮಗಳ ಹತ್ತಿರ ತಲೆ ಆಡಿಸಿದ್ದೇ ಹೆಚ್ಚು. ಊರಿಗೆ ವಾಪಸ್ ಹೋದ ಒಂದು ತಿಂಗಳಿಗೆ ಆಯಿ ಫೋನ್ ಮಾಡಿ, "ಇವ್ರು ಮಾತೇ ಕಡಿಮೆ ಮಾಡಿದ್ರು ಮಾರಾಯಾ, ತಾಳಮದ್ದಲೆಗೂ ಹೋಗ್ತ್ವಿಲ್ಲೆ" ಅಂದಾಗ ನನಗೆ ಹೆದರಿಕೆ ಆಯ್ತು. ಹುಬ್ಬಳ್ಳಿಗೆ ಕರ್ಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದ್ವಿ.

ಅಲ್ಲಿ ತಿಳಿದದ್ದನ್ನ ನಿಮಗೂ ಹೇಳಬೇಕು, ಯಾಕಂದ್ರೆ ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ದಾಟಿದವರಲ್ಲಿ 25 ಶೇಕಡಾಕ್ಕಿಂತ ಹೆಚ್ಚು ಜನಕ್ಕೆ ಬದುಕಿಗೆ ತೊಡಕಾಗುವಷ್ಟು ಕಿವುಡು ಇರುತ್ತೆ. ವಯಸ್ಸಾದಂತೆ ಮೊದಲು ಹೋಗೋದು ಹೆಚ್ಚು ಕಂಪನದ ಸದ್ದುಗಳು. ಸ, ಶ, ತ ಥರದ ಅಕ್ಷರಗಳು ಅಲ್ಲಿ ಬರುತ್ತವೆ. ಸ್ವರಗಳು ಕೇಳುತ್ತವೆ, ವ್ಯಂಜನಗಳು ಕರಗಿಹೋಗುತ್ತವೆ. ಹಾಗಾಗಿ ಯಾರೋ ಮಾತಾಡಿದ್ದು ಗೊತ್ತಾಗುತ್ತೆ, ಏನು ಮಾತಾಡಿದ್ರು ಗೊತ್ತಾಗಲ್ಲ. ಗದ್ದಲದ ಜಾಗದಲ್ಲಂತೂ ಇದು ಇನ್ನೂ ಕಷ್ಟ. ತನ್ನ ದನಿಯೂ ತನಗೆ ಸರಿಯಾಗಿ ಕೇಳದಿದ್ದಾಗ ಮನುಷ್ಯ ಜೋರಾಗಿ ಮಾತಾಡ್ತಾನೆ. ಎಷ್ಟೋ ಜನ ಆಮೇಲೆ ಅವಮಾನ ಆಗಿ ಮಾತೇ ಬಿಡ್ತಾರೆ. ಮೊದಲನೇದು ನಮಗೆ ಕಿರಿಕಿರಿ. ಎರಡನೇದು ಅವರಿಗೆ ಅಪಾಯ. ಒಂಟಿತನ ಅಲ್ಲಿಂದಲೇ ಶುರುವಾಗುತ್ತೆ.

ಒಳ್ಳೇ ಕಿವಿ ಇದ್ದವರೂ ಗದ್ದಲದಲ್ಲಿ ದನಿ ಏರಿಸ್ತಾರೆ. ಎತಿಯೆನ್ ಲೊಂಬಾರ್ ಅನ್ನೋ ಫ್ರೆಂಚ್ ಕಿವಿ ವೈದ್ಯ 1911ರಲ್ಲೇ ಇದನ್ನ ಗುರುತಿಸಿದ್ದ. ಸುತ್ತ ಸದ್ದಿದ್ದರೆ ನಮಗೆ ಗೊತ್ತಿಲ್ಲದೆಯೇ ನಮ್ಮ ಗಂಟಲು ಮೇಲೇರುತ್ತೆ. ಲೌಂಜಿನಲ್ಲಿ ಆಗೋದು ಅದೇ. ಒಂದು ರೀಲ್ಸಿನ ಸದ್ದಿಗೆ ಪಕ್ಕದವರು ಫೋನಲ್ಲಿ ಸ್ವಲ್ಪ ಜೋರು, ಅವರಿಗೆ ಅವರ ಪಕ್ಕದವರು ಇನ್ನೂ ಜೋರು. ಅರ್ಧ ಗಂಟೆಯಲ್ಲಿ ಶಿರಸಿ ಜಾತ್ರೆ. ಮಾರಿಕಾಂಬಾ ಜಾತ್ರೆಯಾದರೂ ಎರಡು ವರ್ಷಕ್ಕೊಮ್ಮೆ ಬರುತ್ತೆ, ಇದು ದಿನಾ.

ಫೋನಿನ ಮಾತು ಯಾಕೆ ಅಷ್ಟು ಕಿರಿಕಿರಿ ಅನ್ನೋದಕ್ಕೂ ಉತ್ತರ ಇದೆ. 2010ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ನೋಡಿದರು. ಇಬ್ಬರು ಮಾತಾಡೋದು ಪೂರ್ತಿ ಕೇಳಿದರೆ ನಮ್ಮ ಕೆಲಸಕ್ಕೆ ಅಷ್ಟು ತೊಂದರೆ ಇಲ್ಲ. ಒಬ್ಬರದು ಮಾತ್ರ ಕೇಳಿದರೆ ಏಕಾಗ್ರತೆ ಹಾಳಾಗುತ್ತೆ, ಯಾಕಂದ್ರೆ ಕೇಳದ ಅರ್ಧವನ್ನ ಮಿದುಳು ಊಹಿಸ್ತಾ ಕೂರುತ್ತೆ. ಅಂದ್ರೆ ಜಗಲಿಯಲ್ಲಿ ಇಬ್ಬರು ಹಿರಿಯರು ಜೋರಾಗಿ ವಾದ ಮಾಡ್ತಿದ್ದರೂ ಮೂಲೆಯಲ್ಲಿ ಕೂತು ಪರೀಕ್ಷೆಗೆ ಓದಿದ ನಾವು, ಲೌಂಜಿನಲ್ಲಿ ಒಬ್ಬರ "ಹಾಂ... ಹಾಂ... ಅಲ್ಲ, ಅದು ಹಂಗಲ್ಲ"ಕ್ಕೆ ಹಲ್ಲು ಕಡಿಯೋದರಲ್ಲಿ ಆಶ್ಚರ್ಯ ಇಲ್ಲ.

ನಿಯಮ ಮಾಡಿದರೆ ಸರಿಹೋಗುತ್ತಾ? ನಿಯಮ ಈಗಾಗಲೇ ಇವೆ. ಬಸ್ಸಿನಲ್ಲಿ ಮೊಬೈಲಿನ ಲೌಡ್‌ಸ್ಪೀಕರ್ ಹಾಕಿ ಹಾಡು, ವಿಡಿಯೋ ನಡೆಸಬಾರದು ಅಂತ ಕೆಎಸ್‌ಆರ್‌ಟಿಸಿ 2021ರ ನವೆಂಬರಿನಲ್ಲಿ ಸುತ್ತೋಲೆ ಹೊರಡಿಸಿತು, ಹೈಕೋರ್ಟಿಗೆ ಹೋದ ಅರ್ಜಿಯೊಂದರ ಫಲವಾಗಿ. ಹೇಳಿದರೂ ಕೇಳದವರನ್ನ ಕಂಡಕ್ಟರ್ ಇಳಿಸಬಹುದು. ರೈಲಿನಲ್ಲಿ ರಾತ್ರಿ 10ರ ಮೇಲೆ ಗದ್ದಲ ಮಾಡೋ ಹಾಗಿಲ್ಲ. ನಮ್ಮ ಮೂರೂ ತಾಲ್ಲೂಕಿಗೆ ರೈಲೇ ಇಲ್ಲ, ಆ ಮಾತು ಬೇರೆ. ಸಿದ್ದಾಪುರದವರು ತಾಳಗುಪ್ಪಕ್ಕೆ, ಶಿರಸಿಯವರು ಹಾವೇರಿಗೆ, ಯಲ್ಲಾಪುರದವರು ಹುಬ್ಬಳ್ಳಿಗೆ ಹೋಗಿ ಹತ್ತಬೇಕು. ಹಾಗಾಗಿ ನಮಗೆ ರಾತ್ರಿ ಬಸ್ಸೇ ಗತಿ. ಒಮ್ಮೆ ಶಿರಸಿ ಬಸ್ಸಿನಲ್ಲಿ ಹನ್ನೊಂದು ಗಂಟೆಗೆ ಹಿಂದಿನ ಸೀಟಿನಿಂದ ಸಿನಿಮಾ ಶುರುವಾಯ್ತು. ಕಂಡಕ್ಟರ್ ಸುತ್ತೋಲೆ ಗಿತ್ತೋಲೆ ಏನೂ ಹೇಳಲಿಲ್ಲ. ಹತ್ತಿರ ಹೋಗಿ, "ಅಣ್ಣಾ, ಬಸ್ಸಲ್ಲಿ ಡ್ರೈವರ್ ಒಬ್ರು ಎಚ್ಚರ ಇದ್ರೆ ಸಾಕು, ಉಳಿದೋರು ಮಲಗ್ಲಿ" ಅಂದ. ಬಸ್ಸೆಲ್ಲ ನಕ್ಕಿತು, ನೋಡ್ತಾ ಇದ್ದವನೂ ನಕ್ಕು ಆಫ್ ಮಾಡಿದ.

ನಾನು ಕಲಿತದ್ದು ಇಷ್ಟು. ಹೇಳೋದಿದ್ದರೆ ಹತ್ತಿರ ಹೋಗಿ ಹೇಳಬೇಕು, ಕೂತಲ್ಲಿಂದ "ಶ್ಶ್" ಅನ್ನಬಾರದು. ದನಿಯನ್ನ ಇಳಿಸೋಕೆ ಆಗುವವರು ಯಾರು, ಆಗದವರು ಯಾರು ಅಂತ ಒಂದು ಕ್ಷಣ ನೋಡಬೇಕು. ರೀಲ್ಸಿಗೆ ಇಯರ್‌ಫೋನ್ ಇದೆ, ಮೀಟಿಂಗಿಗೆ ಹೊರಗೆ ಕಾರಿಡಾರ್ ಇದೆ, ಮಗುವಿನ ಟ್ಯಾಬಿಗೆ ಮ್ಯೂಟ್ ಇದೆ. 71 ವರ್ಷದ ಕಿವಿಗೆ ಅಂಥ ಬಟನ್ ಇಲ್ಲ. ಅಂಥವರ ಹತ್ತಿರ ಮಾತಾಡುವಾಗ ಎದುರಿಗೆ ಬಂದು, ಮುಖ ಕಾಣುವ ಹಾಗೆ ನಿಂತು, ಬಿಡಿಬಿಡಿಯಾಗಿ ಹೇಳಿದರೆ ಕೂಗೋ ಅಗತ್ಯ ಇಬ್ಬರಿಗೂ ಇರಲ್ಲ. ನಿಮ್ಮ ಅಪ್ಪ ಅಮ್ಮನ ದನಿ ಇತ್ತೀಚೆಗೆ ಜೋರಾಗಿದ್ದರೆ ಒಮ್ಮೆ ಕಿವಿ ತೋರಿಸಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಶಿರಸಿ ಕಡೆಯವರು ಹುಬ್ಬಳ್ಳಿಯಲ್ಲಿ ತೋರಿಸಬಹುದು.

ಅಪ್ಪಯ್ಯನಿಗೆ ಈಗ ಎರಡೂ ಕಿವಿಗೆ ಮಷಿನ್ ಬಂದಿದೆ. ಹಾಕಿಕೊಂಡ ಮೊದಲ ವಾರ ಪಾತ್ರೆ ಸದ್ದು, ಫ್ಯಾನ್ ಸದ್ದು ಎಲ್ಲದಕ್ಕೂ ಬೈದರು. ಈಗ ಒಗ್ಗಿದೆ, ತಾಳಮದ್ದಲೆಗೆ ಮತ್ತೆ ಹೋಗ್ತಾರೆ. ಫೋನಿನಲ್ಲಿ ಮಾತ್ರ ಇನ್ನೂ ಕೂಗ್ತಾರೆ. "ಅಪ್ಪಯ್ಯ, ಈಗ ನಿಂಗೆ ಕಿವಿ ಕೇಳ್ತಲ್ಲಾ" ಅಂದರೆ ಉತ್ತರ ಸಿದ್ಧ ಇರುತ್ತೆ: "ಎಂಗೆ ಕೇಳ್ತು ತಮಾ. ಟವರಿಗೆ ಕೇಳ್ತಿಲ್ಲೆ!"