ನಾಲ್ಕು ಗಂಟೆಯ ಫಸ್ಟ್ ಕ್ಲಾಸ್

ಗಲ್ಫಿನಿಂದ ಊರಿಗೆ ಬಂದವನನ್ನು ಕೇಳುವ ಪ್ರಶ್ನೆಗಳು ನಮ್ಮ ಕಾಸರಗೋಡಿನವರಿಗೆಲ್ಲ ಗೊತ್ತಿದ್ದದ್ದೇ. ಯಾವಾಗ ಬಂದದ್ದು, ಎಷ್ಟು ದಿನ ರಜೆ, ಇನ್ನು ಯಾವಾಗ ಹೋಗುವುದು? 2023ರಲ್ಲಿ ನಾನು ದುಬೈಯ ಕೆಲಸ ಬಿಟ್ಟು ಊರಿಗೇ ಬಂದ ಮೇಲೆ ಆ ಪ್ರಶ್ನೆಗಳು ನಿಂತವು. ಉಳಿದದ್ದು ಒಂದೇ: “ನೀವು ಫಸ್ಟ್ ಕ್ಲಾಸಲ್ಲಿ ಬಂದದ್ದಂತೆ, ಹೌದಾ? ಅಷ್ಟು ದುಡ್ಡು ಕೊಟ್ಟದ್ದಕ್ಕೆ ಏನಾದರೂ ಉಂಟಾ ಅದರಲ್ಲಿ?” ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ಸೋತಿದೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಇಪ್ಪತ್ತೆಂಟು ವರ್ಷ ಸ್ಟೋರ್ ಕೀಪರ್ ಆಗಿ ದುಡಿದವನು ನಾನು. ಹೋಗುವಾಗಲೂ ಬರುವಾಗಲೂ ವಿಮಾನದ ಹಿಂದಿನ ಸಾಲುಗಳೇ ನನ್ನ ಜಾಗ. ಹಗ್ಗ ಬಿಗಿದು ಹೆಸರು ಬರೆದ ರಟ್ಟಿನ ಪೆಟ್ಟಿಗೆ, ತೂಕ ಹೆಚ್ಚಾಗಿ ಕೌಂಟರಿನ ಎದುರೇ ಅದನ್ನು ಬಿಚ್ಚಿ ಹಾಲಿನ ಪುಡಿಯ ಡಬ್ಬ ಹೊರಗೆ ತೆಗೆಯುವ ಗಡಿಬಿಡಿ, ಇದೆಲ್ಲ ಅನುಭವಿಸಿದವರಿಗೇ ಗೊತ್ತು. ಪ್ರತಿ ಸಲವೂ ಮುಂದಿನ ಬಾಗಿಲಿನಿಂದ ಹತ್ತುವವರನ್ನು ನೋಡುತ್ತಿದ್ದೆ. ಕೊನೆಯ ಸಲ ಒಮ್ಮೆ ಆ ಕಡೆಯಿಂದ ಹತ್ತಬೇಕೆಂಬ ಆಸೆ ಯಾವಾಗ ಹುಟ್ಟಿತೋ ನೆನಪಿಲ್ಲ. ಎಮಿರೇಟ್ಸಿನಲ್ಲಿ ದುಬೈಯಿಂದ ಬೆಂಗಳೂರಿಗೆ ಒಂದು ಕಡೆಯ ಟಿಕೆಟು ತೆಗೆದೆ. ಆ ದಿನದ ಎಕಾನಮಿ ದರದ ಎಂಟು ಪಟ್ಟು! ಫೋನಿನಲ್ಲಿ ವಿಷಯ ತಿಳಿದ ಮನೆಯವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅದರಲ್ಲಿ ಬಾವಿಗೆ ಹೊಸ ಪಂಪೂ ಆಗುತ್ತಿತ್ತು, ಅಡುಗೆ ಕೋಣೆಯ ಮಾಡಿನ ರಿಪೇರಿಯೂ ಆಗುತ್ತಿತ್ತು” ಎಂದಳು. ಲೆಕ್ಕ ಸರಿಯೇ ಇತ್ತು.

ಇನ್ನು ವಿಮಾನದ ವಿಷಯ. ಎಮಿರೇಟ್ಸ್ ಎಂದರೆ 1985ರ ಅಕ್ಟೋಬರ್ 25ರಂದು ಪಾಕಿಸ್ತಾನದವರ ಬಾಡಿಗೆ ವಿಮಾನದಲ್ಲಿ ಕರಾಚಿಗೆ ಮೊದಲ ಹಾರಾಟ ಮಾಡಿದ ಕಂಪೆನಿ. ಈಗ ಜಗತ್ತಿನಲ್ಲಿ ಅತಿ ಹೆಚ್ಚು ಎ380 ಇರುವುದು ಅವರಲ್ಲಿ. ಈ ಎರಡಂತಸ್ತಿನ ದೈತ್ಯ 2022ರ ಅಕ್ಟೋಬರಿನಿಂದ ಬೆಂಗಳೂರಿಗೂ ಬರುತ್ತಿದೆ. ನಾನು ಬಂದ ಬಗೆಯದರಲ್ಲಿ ಮೇಲಂತಸ್ತಿನಲ್ಲಿ ಫಸ್ಟ್ ಕ್ಲಾಸಿಗೆ 14, ಬಿಸಿನೆಸ್ ಕ್ಲಾಸಿಗೆ 76 ಸೀಟು. ಕೆಳಗಿನ ಅಂತಸ್ತಿನಲ್ಲಿ ಸುಮಾರು ನಾನೂರು ಮಂದಿ ಎಕಾನಮಿಯವರು. ಅಂದರೆ ನನ್ನ ಇಪ್ಪತ್ತೆಂಟು ವರ್ಷ ಪೂರ್ತಿ ನನ್ನ ಕಾಲಿನ ಅಡಿಯಲ್ಲೇ ಕುಳಿತಿತ್ತು ಅನ್ನಿ.

ಸುಖ ಮನೆ ಬಾಗಿಲಿಗೇ ಬರುತ್ತದೆ. ಏರ್‌ಪೋರ್ಟಿಗೆ ಕರೆದೊಯ್ಯಲು ಕಂಪೆನಿಯ ಕಾರು, ಬೇರೆಯೇ ಕೌಂಟರು, 50 ಕೆ.ಜಿ. ಲಗೇಜು. ನಿಜ ಹೇಳುವುದಾದರೆ ಗಲ್ಫಿನವನಿಗೆ ಈ ಐವತ್ತು ಕೆ.ಜಿ.ಯಷ್ಟು ದೊಡ್ಡ ಸುಖ ಬೇರೆ ಯಾವುದೂ ಇಲ್ಲ! ಒಳಗೆ ಹೋದರೆ ಜಾರುಬಾಗಿಲಿನ ಪುಟ್ಟ ಕೋಣೆಯಂಥ ಸೀಟು, ಮಂಚವಾಗಿ ಬಿಚ್ಚಿಕೊಳ್ಳುತ್ತದೆ. ಮೊದಲು ಅರಬ್ಬೀ ಕಾಫಿ ಮತ್ತು ಖರ್ಜೂರ. ಊಟಕ್ಕೆ ಹೊತ್ತು ಅಂತ ಇಲ್ಲ, ಹಸಿದಾಗ ಕೇಳಿದರಾಯಿತು. ಮೀನಿನ ಮೊಟ್ಟೆಯ ಕ್ಯಾವಿಯರ್ ತಂದರು. ನಮ್ಮ ಕಡೆಯ ಬೂತಾಯಿ ಮೊಟ್ಟೆ ಹುರಿದದ್ದನ್ನು ತಿಂದು ಬೆಳೆದ ನಾಲಿಗೆಗೆ ಅದು ಬರೇ ಉಪ್ಪು ಎನಿಸಿತು. ದೊಡ್ಡವರ ಪದಾರ್ಥ, ಹೆಚ್ಚು ಹೇಳುವುದಿಲ್ಲ.

ಎಲ್ಲರೂ ಕೇಳುವುದು ಸ್ನಾನದ ಬಗ್ಗೆ. ಹೌದು, ಆಕಾಶದಲ್ಲಿ ಸ್ನಾನ ಮಾಡಿದೆ. ಎ380ಯ ಮೂತಿಯ ಕಡೆ ಹದಿನಾಲ್ಕು ಮಂದಿಗೆ ಎರಡು ಸ್ನಾನದ ಕೋಣೆಗಳುಂಟು. ಗಗನಸಖಿ ಸಮಯ ಬರೆದುಕೊಳ್ಳುತ್ತಾಳೆ. ಕೋಣೆ ಅರ್ಧ ಗಂಟೆ ನಮ್ಮದು, ಆದರೆ ನೀರು ಐದೇ ನಿಮಿಷ. ನೀರೆಲ್ಲ ನೆಲದಿಂದಲೇ ಹೊತ್ತು ತರಬೇಕಲ್ಲ? ಎಷ್ಟು ಉಳಿದಿದೆಯೆಂದು ದೀಪದ ಬಣ್ಣ ತೋರಿಸುತ್ತದೆ. ಆ ದೀಪವನ್ನೇ ನೋಡುತ್ತಾ ಗಡಿಬಿಡಿಯಲ್ಲಿ ಸೋಪು ತೊಳೆದುಕೊಂಡೆ. ಬೇಸಗೆಯಲ್ಲಿ ಬಾವಿಯ ತಳದಿಂದ ಲೆಕ್ಕದ ಕೊಡಪಾನ ಸೇದಿ ಮೀಯುವವರಿಗೆ ಇದು ಹೊಸತಲ್ಲ.

ಊಟ, ಸ್ನಾನ, ಮೆತ್ತನೆಯ ಹಾಸಿಗೆ. ಇವೆಲ್ಲ ಮುಗಿಸಿ ಒಂದು ಗಂಟೆ ಕಣ್ಣು ಮುಚ್ಚುವಷ್ಟರಲ್ಲಿ ಬೆಂಗಳೂರು ಬಂತು. ದುಬೈಯಿಂದ ನಾಲ್ಕು ಗಂಟೆಯೂ ಇಲ್ಲದ ದಾರಿ ಅದು. ಫಸ್ಟ್ ಕ್ಲಾಸಿನಲ್ಲಿ ನಿಜಕ್ಕೂ ದುಡ್ಡು ಕೊಡುವುದು ನಿದ್ದೆಗೆ. ಆ ನಿದ್ದೆಗೇ ಹೊತ್ತಿಲ್ಲದಿದ್ದರೆ ಉಳಿಯುವುದು ನೋಡಿದ ಸಂತೋಷ ಮಾತ್ರ.

ನನ್ನ ಅಸಲು ಪ್ರಯಾಣ ಆಮೇಲೆ ಶುರುವಾಯಿತು. ಎಮಿರೇಟ್ಸ್ ಭಾರತದ ಒಂಬತ್ತು ನಗರಗಳಿಗೆ ಬರುತ್ತದೆ, ಅದರಲ್ಲಿ ಮಂಗಳೂರೂ ಇಲ್ಲ, ಕಣ್ಣೂರೂ ಇಲ್ಲ. ಇಳಿದದ್ದು ನಡುರಾತ್ರಿ ಕಳೆದ ಮೇಲೆ. ಬೆಳಕು ಹರಿಯುವವರೆಗೆ ಕಬ್ಬಿಣದ ಕುರ್ಚಿಯಲ್ಲಿ ಕುಳಿತು, ಬಸ್ಸಿನಲ್ಲಿ ಮೆಜೆಸ್ಟಿಕ್, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಇಳಿದು ಮಂಗಳೂರು, ಮತ್ತೊಂದು ಬಸ್ಸಿನಲ್ಲಿ ತಲಪಾಡಿ ಗಡಿ ದಾಟಿ ಊರು. ಸುಮಾರು ನಾನೂರು ಕಿ.ಮೀ. ಆ ಐವತ್ತು ಕೆ.ಜಿ.ಯನ್ನು ಒಂದು ಬಸ್ಸಿನಿಂದ ಇನ್ನೊಂದಕ್ಕೆ ಎತ್ತಿ ಹಾಕುವಾಗ ಕ್ಯಾವಿಯರ್ ನೆನಪಾಗಲಿಲ್ಲ, ಸೊಂಟ ನೆನಪಾಯಿತು. ದುಬೈಯಿಂದ ಮಂಗಳೂರಿಗೆ ನೇರ ವಿಮಾನ ಉಂಟು. ಅದರಲ್ಲಿ ಸ್ನಾನವೂ ಇಲ್ಲ, ಕ್ಯಾವಿಯರೂ ಇಲ್ಲ. ಆದರೆ ಮಂಗಳೂರಲ್ಲಿ ಇಳಿದವನು ಎರಡು ಗಂಟೆಯಲ್ಲಿ ಮನೆಯ ಗಂಜಿಯ ಎದುರು ಕುಳಿತಿರುತ್ತಾನೆ. ನಮ್ಮ ಊರಿನವರಿಗೆ ಅದೇ ಫಸ್ಟ್ ಕ್ಲಾಸ್ ಎಂದು ನನ್ನ ಅಭಿಪ್ರಾಯ.

ದೂರದ ದಾರಿಯಾದರೆ ಮಾತು ಬೇರೆ. ದುಬೈಯಿಂದ ನ್ಯೂಯಾರ್ಕಿಗೆ ಸುಮಾರು 14 ಗಂಟೆ, ಆಕ್ಲೆಂಡಿಗೆ ಅದಕ್ಕಿಂತಲೂ ಹೆಚ್ಚು. ಅಷ್ಟು ಹೊತ್ತು ಕಾಲು ಮಡಚಿ ಕುಳಿತರೆ ಪ್ರಾಯದವರ ಕಾಲು ಬಾತುಕೊಳ್ಳುತ್ತದೆ. ಆದರೆ ಚಾಚಿ ಮಲಗಲು ಫಸ್ಟ್ ಕ್ಲಾಸೇ ಆಗಬೇಕೆಂದಿಲ್ಲ. ಎ380ಯ ಬಿಸಿನೆಸ್ ಕ್ಲಾಸಿನ ಸೀಟೂ ಪೂರ್ತಿ ಹಾಸಿಗೆಯಾಗುತ್ತದೆ. ವಿಮಾನ ಕಂಪೆನಿಗಳಿಗೂ ಇದು ತಿಳಿದಂತಿದೆ. ಏರ್ ಇಂಡಿಯಾ ತರಿಸಿದ ಎ350 ವಿಮಾನಗಳಲ್ಲಿ ಫಸ್ಟ್ ಕ್ಲಾಸೇ ಇಲ್ಲ, ಬಾಗಿಲಿರುವ ಬಿಸಿನೆಸ್ ಸೀಟುಗಳಿವೆ.

ಮೊನ್ನೆ ನೆರೆಮನೆಯವರು ಇದೇ ವಿಚಾರ ಹಿಡಿದುಕೊಂಡು ಬಂದಿದ್ದರು. ಅವರ ತಮ್ಮ ನ್ಯೂಯಾರ್ಕಿನಲ್ಲಿ. ಎಪ್ಪತ್ತಾರರ ಅಮ್ಮನನ್ನು ಫಸ್ಟ್ ಕ್ಲಾಸಿನಲ್ಲಿ ಒಬ್ಬರನ್ನೇ ಕರೆಸಿಕೊಳ್ಳುತ್ತೇನೆಂದು ಅವನ ಹಟ. ಅಮ್ಮನಿಗೆ ಮಂಡಿನೋವು, ಕನ್ನಡ, ತುಳು, ಕೊಂಕಣಿ ಬಿಟ್ಟರೆ ಬೇರೆ ಭಾಷೆ ಬಾರದು. ನಾನು ಹೇಳಿದೆ: ಗಾಲಿಕುರ್ಚಿಗೆ ದುಡ್ಡಿಲ್ಲ, ಯಾವ ಕ್ಲಾಸಿನವರು ಕೇಳಿದರೂ ಕೊಡುತ್ತಾರೆ, ಟಿಕೆಟು ಮಾಡುವಾಗಲೇ ಹೇಳಿಡಬೇಕು. ಬಾಗಿಲು ಹಾಕಿದ ಕೋಣೆಯಲ್ಲಿ ಅಮ್ಮ ಒಬ್ಬರೇ ಕುಳಿತು ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ಹೆದರುವುದಕ್ಕಿಂತ ಆ ದುಡ್ಡಿಗೆ ಎರಡು ಟಿಕೆಟು ಬರುತ್ತದೋ ನೋಡಿ, ಜೊತೆಗೆ ನೀವೂ ಹೋಗಿ.

“ನನಗೆ ವೀಸಾ ಇಲ್ಲವಲ್ಲ ಮಾರಾಯರೇ” ಎಂದರು. ಈಗ ಅದಕ್ಕೆ ಓಡಾಡುತ್ತಿದ್ದಾರೆ.