ಬರೆ ಕುಸಿದ ಊರಿನ ಬರಹ

ವಿಕೋಪಕ್ಕೆ ಸಿಕ್ಕ ಊರಿಗೆ ನೆರವಾಗಲು ಹೊರಟ ವಿದ್ಯಾರ್ಥಿಗಳ ಕೈಯಲ್ಲಿ ಹಾರೆ, ಬುಟ್ಟಿಗಳ ಜೊತೆಗೆ ಒಂದು ದಿನಚರಿ ಪುಸ್ತಕವೂ ಇರುತ್ತದೆ. ಹಾರೆಯ ಕೆಲಸ ಏಳು ದಿನಗಳ ಶಿಬಿರದೊಂದಿಗೆ ಮುಗಿದರೂ ದಿನಚರಿಯ ಕೆಲಸ ಆ ಊರಿನ ಪಾಲಿಗೆ ವರ್ಷಗಟ್ಟಲೆ ಉಳಿಯಬಲ್ಲದು ಎಂಬುದನ್ನು ಕಾಲೇಜುಗಳು ಇನ್ನೂ ಸಾಕಷ್ಟು ಮನಗಂಡಿಲ್ಲ.

ಸೇವೆಯನ್ನೂ ಪಾಠವನ್ನೂ ಒಂದೇ ನೊಗಕ್ಕೆ ಕಟ್ಟುವ ಈ ಕ್ರಮಕ್ಕೆ ಸೇವಾಕಲಿಕೆ ಎಂದು ಹೆಸರು. ಅಮೆರಿಕದ ಶಿಕ್ಷಣತಜ್ಞ ರಾಬರ್ಟ್ ಸಿಗ್ಮನ್ 1979ರಲ್ಲಿ ಅದಕ್ಕೆ ಮೂರು ಸೂತ್ರಗಳನ್ನು ಕೊಟ್ಟಾಗ ಮೊದಲು ಇಟ್ಟದ್ದು, ಸೇವೆಯ ಹಿಡಿತ ಅದನ್ನು ಪಡೆಯುವವರ ಕೈಯಲ್ಲೇ ಇರಬೇಕು ಎಂಬ ಮಾತನ್ನು. ಭಾರತದಲ್ಲಿ ಇದರ ಅತಿ ದೊಡ್ಡ ರೂಪ ರಾಷ್ಟ್ರೀಯ ಸೇವಾ ಯೋಜನೆ, ಎಂದರೆ ಎಲ್ಲರ ಬಾಯಲ್ಲಿರುವ ಎನ್ನೆಸ್ಸೆಸ್. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಚಾಲನೆ ಕೊಟ್ಟವರು ಅಂದಿನ ಕೇಂದ್ರ ಶಿಕ್ಷಣ ಸಚಿವರೂ ಬಳ್ಳಾರಿಯ ಲೋಕಸಭಾ ಸದಸ್ಯರೂ ಆಗಿದ್ದ ವಿ.ಕೆ.ಆರ್.ವಿ. ರಾವ್. ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ದುಡಿಯಬೇಕು, ಮಾಡಿದ್ದನ್ನು ಬರೆದಿಡಬೇಕು. ‘ನನಗಲ್ಲ, ನಿನಗೆ’ ಎಂಬುದು ಯೋಜನೆಯ ಧ್ಯೇಯವಾಕ್ಯ. ಆದರೆ ದಿನಚರಿಗಳ ತುಂಬ ಕಾಣುವುದು ‘ನಾವು’ ಎಂಬ ಪದ. ನಾವು ಅಂಗಳ ಗುಡಿಸಿದೆವು, ನಾವು ಅಕ್ಕಿ ಹಂಚಿದೆವು, ನಾವು ಧನ್ಯರಾದೆವು ಎಂಬ ಸಾಲುಗಳಲ್ಲಿ ಆ ಅಂಗಳದವರು ಯಾರು, ಅವರು ಏನನ್ನು ಕಳೆದುಕೊಂಡರು ಎಂಬುದು ಕಾಣದೇ ಹೋಗುತ್ತದೆ.

ಇದರಿಂದ ಆಗುವ ನಷ್ಟ ಎಂಥದೆಂಬುದನ್ನು ಕೊಡಗಿನ ಉದಾಹರಣೆಯಲ್ಲಿ ನೋಡಬಹುದು. 2018ರ ಆಗಸ್ಟ್ ನಡುವಿನಲ್ಲಿ ಬಿಡದೆ ಸುರಿದ ಮಳೆಗೆ ಮಕ್ಕಂದೂರು, ಹೆಮ್ಮೆತ್ತಾಳು, ಕಾಲೂರು, ಮೊಣ್ಣಂಗೇರಿ, ಜೋಡುಪಾಲದ ಕಡೆ ಗುಡ್ಡಗಳು ಜರಿದವು, ಮಡಿಕೇರಿಯಿಂದ ಮಂಗಳೂರಿಗೆ ಇಳಿಯುವ ಹೆದ್ದಾರಿ ಕಡಿದುಹೋಯಿತು, ಗದ್ದೆಗಳ ಮೇಲೆ ಆಳೆತ್ತರ ಕೆಸರು ಕುಳಿತಿತು. ಹೊರಗಿನಿಂದ ಹೋದವರು ಇದೆಲ್ಲವನ್ನೂ ‘ಭೂಕುಸಿತ’ ಎಂಬ ಒಂದೇ ಪದದಲ್ಲಿ ಬರೆದು ಮುಗಿಸುತ್ತಾರೆ. ಊರಿನವರ ಮಾತು ಹಾಗಿಲ್ಲ. ಮನೆಗೋ ರಸ್ತೆಗೋ ಜಾಗ ಮಾಡಲು ಗುಡ್ಡವನ್ನು ನೆಟ್ಟಗೆ ಕಡಿದಾಗ ಹಿಂಬದಿಯಲ್ಲಿ ಉಳಿಯುವ ಮಣ್ಣಿನ ಗೋಡೆಗೆ ಅಲ್ಲಿಯ ಜನ ಬರೆ ಎನ್ನುತ್ತಾರೆ. ‘ಬರೆ ಕುಸಿಯಿತು’ ಎಂಬುದು ಬೇರೆ, ‘ಗುಡ್ಡವೇ ಇಳಿದು ಬಂತು’ ಎಂಬುದು ಬೇರೆ. ಮೊದಲನೆಯದರಲ್ಲಿ ಮನುಷ್ಯ ಕಡಿದ ಇಳಿಜಾರಿನ ಸುಳಿವಿದೆ, ಎರಡನೆಯದರಲ್ಲಿ ನೀರು ಕುಡಿದು ಭಾರವಾದ ಬೆಟ್ಟದ್ದು. ಇಳಿಜಾರನ್ನು ಕಡಿದದ್ದೂ ಕಾರಣಗಳಲ್ಲಿ ಒಂದೆಂದು ಭೂವಿಜ್ಞಾನಿಗಳು ಗುರುತಿಸಿದ್ದನ್ನು ನೆನೆದರೆ, ಮುದುಕಿಯೊಬ್ಬಳು ಯಾವ ಪದ ಬಳಸಿದಳು ಎಂಬುದನ್ನು ಹಾಗೆಯೇ ಬರೆದುಕೊಂಡ ಹುಡುಗಿ ಕುಸಿತದ ಕಾರಣದ ಒಂದು ಎಳೆಯನ್ನೇ ಹಿಡಿದಿಟ್ಟಂತೆ. ಬಿರುಕು ಮೊದಲು ಎಲ್ಲಿ ಬಿಟ್ಟಿತು, ಒರತೆಯ ನೀರು ಯಾವ ದಿನ ರಾಡಿಯಾಯಿತು, ತೋಟದ ಯಾವ ಮರ ಮೊದಲು ವಾಲಿತು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದು ಅಂಥವರಿಂದಲೇ. 2019ರಲ್ಲಿ ವಿರಾಜಪೇಟೆ ಬಳಿಯ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಗುಡ್ಡ ಜರಿದು ಜೀವಗಳು ಹೋದ ಮೇಲೆ, ಈ ಉತ್ತರಗಳನ್ನು ಬರೆದಿಡುವುದು ಪ್ರಾಣ ಉಳಿಸುವ ಕೆಲಸವೇ ಸರಿ.

ಪರಿಹಾರದ ವಿಷಯವೂ ಹಾಗೆಯೇ. ಕೊಚ್ಚಿಹೋದ ತೋಟ ಪಹಣಿಯಲ್ಲಿ, ಎಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆಯಲ್ಲಿ, ಇನ್ನೂ ಇರುತ್ತದೆ; ನೆಲದಲ್ಲಿ ಇರುವುದಿಲ್ಲ. ಕಾಫಿ ತೋಟದ ಲೈನ್ ಮನೆಯಲ್ಲಿ, ಸಾಲಾಗಿ ಕಟ್ಟಿದ ಕೂಲಿಕಾರರ ವಸತಿಯಲ್ಲಿ, ಹಲವು ವರ್ಷ ಬಾಳಿದವರದು ಇದಕ್ಕೆ ತಿರುಗುಮುರುಗು: ಅವರು ನೆಲದ ಮೇಲಿದ್ದರು, ಯಾವ ಕಾಗದದಲ್ಲೂ ಇರಲಿಲ್ಲ. ಒಲೆ ಎಲ್ಲಿತ್ತು, ಒಳಗೆ ಎಷ್ಟು ಜನ ಮಲಗುತ್ತಿದ್ದರು, ಎಷ್ಟು ಕೋಳಿಗಳಿದ್ದವು ಎಂದು ವಿದ್ಯಾರ್ಥಿಯೊಬ್ಬ ಕೇಳಿ ಬರೆದು, ಬರೆದದ್ದನ್ನು ಅವರಿಗೇ ಓದಿ ಹೇಳಿ, ತಪ್ಪಿದ್ದಲ್ಲಿ ತಿದ್ದಿಸಿಕೊಂಡರೆ ಅದು ಅಂಥವರ ಮೊದಲ ದಾಖಲೆಯಾದೀತು. ಅಕ್ಕಿ ಚೀಲ ಹಿಡಿಸಿ ತೆಗೆದ ಫೋಟೋದಿಂದ ಇಷ್ಟು ಉಪಕಾರ ಎಂದೂ ಆಗದು. ಬಿದ್ದ ಮನೆಯ ಮುಂದೆ ಅಳುತ್ತಿರುವವರ ಮುಖಕ್ಕೆ ಕ್ಯಾಮೆರಾ ಹಿಡಿಯುವುದಂತೂ ತಪ್ಪೇ.

ಬರೆದದ್ದೆಲ್ಲ ಕೊನೆಗೆ ಕಾಲೇಜಿನ ಬೀರು ಸೇರಿ, ಅಂಕ ಕೊಟ್ಟ ಮೇಲೆ ರದ್ದಿಗೆ ಹೋಗುವುದು ಈಗಿನ ವಾಡಿಕೆ. ಶಿಬಿರ ನಡೆಸುವ ಕಾರ್ಯಕ್ರಮಾಧಿಕಾರಿಗಳಲ್ಲಿ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಯಾರ ಬದುಕನ್ನು ಅದರಲ್ಲಿ ಬರೆಯಲಾಗಿದೆಯೋ ಅವರ ಒಪ್ಪಿಗೆ ಪಡೆದು, ದಿನಚರಿಯ ಒಂದು ಪ್ರತಿಯನ್ನು ಆ ಊರಿನ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಇರಿಸಿ, ಮುಂದಿನ ಮಳೆಗಾಲಕ್ಕೆ ಮೊದಲು ಗ್ರಾಮಸಭೆಯಲ್ಲಿ ಓದಿಸಿರಿ.