ಎರೆ ನೆಲದ ಇಲಿ, ಕಾಲುವೆಯ ನೀರು

ಮುಂಬೈ–ಚೆನ್ನೈ ಹಾದಿಯ ರೈಲು ವಾಡಿ ಜಂಕ್ಷನ್ ದಾಟಿ ದಕ್ಷಿಣಕ್ಕೆ ಹೊರಳಿ ಯಾದಗಿರಿಗೆ ಬಂದಾಗ ಪ್ರವಾಸಿಯ ಕಣ್ಣಿಗೆ ಮೊದಲು ಬೀಳುವುದು ಊರಿನ ತಲೆಯ ಮೇಲೆ ಕುಳಿತ ಕೋಟೆ. ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂತಿರುವ ಗುಡ್ಡ. ಅದರ ಮೇಲೆ ಕಲ್ಯಾಣದ ಚಾಲುಕ್ಯರ ಕಾಲದಿಂದ ಆದಿಲ್‌ಶಾಹಿಗಳವರೆಗೆ ಒಬ್ಬರಾದ ಮೇಲೊಬ್ಬರು ಕಟ್ಟಿ ಬಿಟ್ಟುಹೋದ ಗೋಡೆಗಳು. 2009ರ ಡಿಸೆಂಬರ್‌ನಲ್ಲಿ ಗುಲ್ಬರ್ಗ ಜಿಲ್ಲೆಯಿಂದ ಬೇರೆಯಾಗಿ ಯಾದಗಿರಿ ತಾನೇ ಒಂದು ಜಿಲ್ಲೆಯಾಯಿತು. ಬಂದವರು ಕೋಟೆ ಹತ್ತುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಇಳಿದು ಹೋಗುತ್ತಾರೆ. ಆದರೆ ಈ ಸೀಮೆಯ ನಿಜವಾದ ಕಥೆ ಗುಡ್ಡದ ಮೇಲಿಲ್ಲ. ಕೆಳಗಿನ ಎರೆ ಹೊಲದ ಬದುವಿನಲ್ಲಿ, ಅಂಗೈ ಅಗಲದ ಒಂದು ಬಿಲದ ಬಾಯಿಯಲ್ಲಿದೆ.

ಭೀಮಾ ನದಿಯ ಸೇತುವೆ ದಾಟಿ ಶಹಾಪುರದ ಕಡೆಗೆ ಬಸ್ಸು ಹೊರಟರೆ ಎರಡೂ ಕಡೆ ತೊಗರಿ, ಹತ್ತಿ, ಜೋಳ. ಬೇಸಿಗೆಯಲ್ಲಿ ಈ ನೆಲ ಕಾಲು ಸಿಕ್ಕಿಬೀಳುವಷ್ಟು ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಚಪ್ಪಲಿಯನ್ನು ಕಿತ್ತುಕೊಳ್ಳುತ್ತದೆ. ಬದುವಿನ ಮೇಲೆ ಹೊಸ ಮಣ್ಣಿನ ಗುಪ್ಪೆ ಕಂಡರೆ ಒಳಗೆ ಬಾಡಿಗೆದಾರರಿದ್ದಾರೆ ಎಂದು ರೈತನಿಗೆ ಗೊತ್ತು. ಕಾಡುಪ್ರಾಣಿ ಎಂದೊಡನೆ ನಮ್ಮ ಮಕ್ಕಳು ಹುಲಿ, ಆನೆ ಎನ್ನುತ್ತಾರೆ. ಬಂಡೀಪುರಕ್ಕೆ ಹೋದವರು ಮಾತ್ರ ಕಾಡುಪ್ರಾಣಿ ಕಂಡವರು ಎಂಬ ಭಾವನೆ. ಮನೆಯ ಹಿಂದಿನ ಹೊಲದ ಇಲಿಯೂ ಕಾಡು ಸಸ್ತನಿಯೇ, ಅದಕ್ಕೂ ತನ್ನದೇ ಜಾತಿ, ಬಿಲ, ಊಟ, ರೋಗಗಳಿವೆ ಎಂಬುದನ್ನು ಪಠ್ಯಪುಸ್ತಕ ಹೇಳುವುದು ಕಡಿಮೆ.

ಇಲಿ ಎಂದರೆ ಒಂದೇ ಇಲಿಯಲ್ಲ. ಹಿಂಗಾಲಿನ ಮೇಲೆ ಜಿಗಿದು ಓಡುವ, ಬಾಲದ ತುದಿಗೆ ಕುಚ್ಚಿರುವ ಜರ್ಬಿಲ್ ಒಂದು. ಕೆರಳಿದರೆ ಗುರ್ರೆನ್ನುವ, ಬಿಲದೊಳಗೆ ತೆನೆಗಳ ಉಗ್ರಾಣವನ್ನೇ ಮಾಡಿಟ್ಟುಕೊಳ್ಳುವ ಹೆಗ್ಗಣ ಇನ್ನೊಂದು. ಮೆತ್ತನೆ ರೋಮದ ಹೊಲದ ಇಲಿ ಮತ್ತೊಂದು. ಇವುಗಳಿಗಿಂತ ಚಿಕ್ಕದಾದ, ಹೆಬ್ಬೆರಳಿನಷ್ಟೇ ಇರುವ ಹೊಲದ ಚಿಟ್ಟಿಲಿಯೂ ಇದೆ. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1839ರಲ್ಲಿ ಆ ಪ್ರದೇಶದ ಸಸ್ತನಿಗಳ ಪಟ್ಟಿ ಪ್ರಕಟಿಸಿದಾಗ ಕನ್ನಡಿಗರೂ ವಡ್ಡರೂ ಕರೆಯುತ್ತಿದ್ದ ಹೆಸರುಗಳನ್ನೇ ಕೇಳಿ ಬರೆದುಕೊಂಡ. ಮೆತ್ತನೆ ರೋಮದ ಇಲಿಯ ಶಾಸ್ತ್ರೀಯ ಹೆಸರಿನಲ್ಲಿರುವ ‘ಮೆಲ್ಟಾಡ’ ಎಂಬ ಪದ ಹುಟ್ಟಿದ್ದು ವಡ್ಡರ ಬಾಯಿಂದ. ಲ್ಯಾಟಿನ್ ಎಂದುಕೊಂಡು ಹೆದರಿ ಬಾಯಿಪಾಠ ಮಾಡುವ ಹುಡುಗರಿಗೆ ಇದನ್ನು ಹೇಳಿದರೆ ಅರ್ಧ ಹೆದರಿಕೆ ಹೋಗುತ್ತದೆ!

ಈ ನಾಡಿನ ಜನಕ್ಕೂ ಇಲಿಗೂ ಹಳೆಯ ಲೆಕ್ಕಾಚಾರವಿದೆ. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ಮೆತ್ತುತ್ತಿದ್ದುದು ಹುಳಕ್ಕೆ ಎಷ್ಟು ಹೆದರಿಯೋ, ಇಲಿಗೂ ಅಷ್ಟೇ ಹೆದರಿ. ಉತ್ತರ ಕರ್ನಾಟಕದ ಅನೇಕ ಕಡೆ ಗಣೇಶ ಚೌತಿಯ ಮರುದಿನ ‘ಇಲಿವಾರ’ ಆಚರಿಸುತ್ತಾರೆ; ಗಣಪನ ವಾಹನಕ್ಕೂ ಒಂದು ದಿನದ ಮರ್ಯಾದೆ. ಕಳ್ಳನನ್ನೂ ಅತಿಥಿಯೆಂದು ಕರೆದು ಎಡೆ ಇಡುವ ಈ ಜಾಣತನಕ್ಕೆ ನಗಬೇಕೋ ಕೈಮುಗಿಯಬೇಕೋ ಗೊತ್ತಾಗುವುದಿಲ್ಲ.

ಯಾದಗಿರಿಯಿಂದ ಸುಮಾರು 35 ಕಿ.ಮೀ. ಸಾಗಿದರೆ ಶಹಾಪುರ. ಊರು ಸಮೀಪಿಸುತ್ತಿದ್ದಂತೆ ಗುಡ್ಡದ ಸಾಲು ಅಂಗಾತ ಮಲಗಿದ ಮನುಷ್ಯನಂತೆ ತೋರುತ್ತದೆ. ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಸ್ಪಷ್ಟ. ಜನ ಇದನ್ನು ‘ಮಲಗಿದ ಬುದ್ಧ’ ಎನ್ನುತ್ತಾರೆ. ಶಹಾಪುರ, ಸುರಪುರಗಳನ್ನೊಳಗೊಂಡ ಈ ಭಾಗಕ್ಕೆ ಸಗರನಾಡು ಎಂಬ ಹಳೆಯ ಹೆಸರಿದೆ. ಹತ್ತಿರದ ಭೀಮರಾಯನಗುಡಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲೋನಿ ಇದೆ, ಕೃಷಿ ಮಹಾವಿದ್ಯಾಲಯವಿದೆ. ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಮುಗಿದು ಎಡದಂಡೆ ಕಾಲುವೆಗಳಲ್ಲಿ ನೀರು ಹರಿಯತೊಡಗಿದ ಮೇಲೆ ಸಗರನಾಡಿನ ಬಣ್ಣವೇ ಬದಲಾಯಿತು. ಮಳೆ ನಂಬಿ ಜೋಳ ಬಿತ್ತುತ್ತಿದ್ದ ಹೊಲಗಳಲ್ಲಿ ಭತ್ತದ ಗದ್ದೆಗಳೆದ್ದವು. ‘ವಾರಾಬಂದಿ’ ಎಂಬ ಪದ ಶಾಲೆಯ ಮಕ್ಕಳಿಗೂ ಪರಿಚಿತವಾಯಿತು. ನೀರು ಬಂದದ್ದು ರೈತನಿಗೆ ಮಾತ್ರವಲ್ಲ, ಹೆಗ್ಗಣಕ್ಕೂ ಬಂತು. ಒಂದು ಬೆಳೆ ಮುಗಿದ ಕೂಡಲೇ ಇನ್ನೊಂದು, ಬದುವಿನ ಮಣ್ಣು ಸದಾ ಮೆತ್ತಗೆ, ಕಾಲುವೆ ದಂಡೆಯಲ್ಲಿ ಹುಲ್ಲು. ಹೆಗ್ಗಣಕ್ಕೆ ಇದಕ್ಕಿಂತ ಸುಭಿಕ್ಷ ಬೇಕೆ?

ಇಲ್ಲಿಯೇ ‘ಇಲಿ ಜ್ವರ’ದ ಪ್ರಶ್ನೆ ಬರುವುದು. ಲೆಪ್ಟೊಸ್ಪೈರಾ ಎಂಬುದು ಸುರುಳಿಯಾಕಾರದ, ಬಹಳ ತೆಳುವಾದ ಬ್ಯಾಕ್ಟೀರಿಯಾ. ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗ ಮಾತ್ರ. ತುದಿ ಕೊಕ್ಕೆಯಂತೆ ಬಾಗಿ ಪ್ರಶ್ನಾರ್ಥಕ ಚಿಹ್ನೆಯಂತೆ ಕಾಣುವುದರಿಂದ ಇದರ ಒಂದು ಜಾತಿಗೆ ‘ಇಂಟೆರೊಗಾನ್ಸ್’ ಎಂದೇ ಹೆಸರು. ಇಲಿಯ ಮೂತ್ರಪಿಂಡದಲ್ಲಿ ಇದು ಆರಾಮಾಗಿ ನೆಲೆಸುತ್ತದೆ. ಇಲಿಗೆ ಸಾಮಾನ್ಯವಾಗಿ ತೊಂದರೆಯೇ ಆಗುವುದಿಲ್ಲ. ಮೂತ್ರದೊಂದಿಗೆ ಹೊರಬಂದು ಕೆಸರಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕಬಲ್ಲದು. ಬರಿಗಾಲಿನಲ್ಲಿ ಗದ್ದೆಗಿಳಿದವರ ಪಾದದ ಗಾಯದಿಂದಲೋ, ಕಾಲುವೆಯಲ್ಲಿ ಈಜುವ ಹುಡುಗರ ಕಣ್ಣು ಮೂಗುಗಳಿಂದಲೋ ಒಳಸೇರುತ್ತದೆ. ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳೊಳಗೆ ಒಮ್ಮೆಲೇ ಜ್ವರ, ತಲೆನೋವು, ಮೀನಖಂಡದಲ್ಲಿ ಸಹಿಸಲಾಗದ ನೋವು, ಕೆಂಪೇರಿದ ಕಣ್ಣು. ಮಲೇರಿಯಾ ಇರಬಹುದು, ಟೈಫಾಯಿಡ್ ಇರಬಹುದು, ಡೆಂಗಿ ಇರಬಹುದು ಎನ್ನುವಷ್ಟರಲ್ಲಿ ವಾರ ಕಳೆದಿರುತ್ತದೆ. ಕೆಲವರಲ್ಲಿ ಕಾಮಾಲೆ ಕಾಣಿಸಿ ಮೂತ್ರಪಿಂಡವೇ ಕೈಕೊಡುತ್ತದೆ. ಮೊದಲೇ ತಿಳಿದರೆ ಡಾಕ್ಸಿಸೈಕ್ಲಿನ್, ಪೆನ್ಸಿಲಿನ್‌ಗಳಂಥ ಹಳೆಯ ಔಷಧಗಳೇ ಸಾಕು. ತಡವಾದುದಕ್ಕೆ ತೆರುವ ಬೆಲೆಯೇ ದೊಡ್ಡದು.

ಹಾಗಾದರೆ ಬದುವಿನ ಹೆಗ್ಗಣದಲ್ಲಿ ಈ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಶಾಲೆಯ ಸೂಕ್ಷ್ಮದರ್ಶಕದಲ್ಲಿ ಕಾಣದು. ಪ್ರಯೋಗಾಲಯದಲ್ಲಿ ಬೆಳೆಸೋಣವೆಂದರೆ ಇದರಷ್ಟು ಸೋಮಾರಿ ಇನ್ನೊಂದಿಲ್ಲ, ತಿಂಗಳುಗಟ್ಟಲೆ ಕಾಯಬೇಕು. ಅದಕ್ಕಾಗಿ ವಿಜ್ಞಾನಿಗಳು ಬ್ಯಾಕ್ಟೀರಿಯಾವನ್ನು ಹುಡುಕುವ ಬದಲು ಅದರ ಸಹಿಯನ್ನು ಹುಡುಕುತ್ತಾರೆ. ಆ ಸಹಿಯೇ ಅದರ ಡಿಎನ್ಎ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಪತ್ರ ಅದು. ರೋಗ ತರುವ ಲೆಪ್ಟೊಸ್ಪೈರಾಗಳಲ್ಲಿ ‘ಲಿಪ್‌ಎಲ್ 32’ ಎಂಬ ಜೀನ್ ಇರುತ್ತದೆ. ನೀರಿನಲ್ಲಿ ತಮ್ಮಷ್ಟಕ್ಕೆ ಬದುಕುವ ಅವುಗಳ ನಿರಪಾಯಕಾರಿ ಬಂಧುಗಳಲ್ಲಿ ಇರುವುದಿಲ್ಲ. ಆದ್ದರಿಂದ ಇಲಿಯ ಮೂತ್ರ ಅಥವಾ ಮೂತ್ರಪಿಂಡದ ತುಣುಕಿನಲ್ಲಿ ಆ ಜೀನ್ ಸಿಕ್ಕರೆ ಅಪರಾಧಿ ಸಿಕ್ಕಂತೆ.

ಆದರೆ ಇಲಿಯದೇ ಡಿಎನ್ಎಯ ರಾಶಿಯಲ್ಲಿ ಬ್ಯಾಕ್ಟೀರಿಯಾದ್ದು ಹುಲ್ಲಿನ ಬಣವೆಯಲ್ಲಿ ಬಿದ್ದ ಸಾಸಿವೆ ಕಾಳಿನಂತೆ. ಆ ಕಾಳನ್ನೇ ಬಣವೆಯಷ್ಟು ಮಾಡುವ ಉಪಾಯವನ್ನು 1983ರಲ್ಲಿ ಅಮೆರಿಕದ ಕ್ಯಾರಿ ಮುಲ್ಲಿಸ್ ಕಂಡುಕೊಂಡ. 1993ರಲ್ಲಿ ನೊಬೆಲ್ ಪಡೆದ. ಅದೇ ಪಿಸಿಆರ್. 2020ರ ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರೆಲ್ಲ ಈ ಹೆಸರು ಕೇಳಿದವರೇ. ಸುಮಾರು 95 ಡಿಗ್ರಿಗೆ ಬಿಸಿ ಮಾಡಿದರೆ ಡಿಎನ್ಎಯ ಎರಡು ಎಳೆಗಳು ಬಿಚ್ಚಿಕೊಳ್ಳುತ್ತವೆ. 55–60 ಡಿಗ್ರಿಗೆ ತಣಿಸಿದಾಗ ನಾವು ಹಾಕಿದ ಪುಟ್ಟ ‘ಪ್ರೈಮರ್’ ತುಣುಕುಗಳು ತಮಗೆ ಹೊಂದುವ ಜಾಗಕ್ಕೆ ಮಾತ್ರ ಹೋಗಿ ಅಂಟುತ್ತವೆ. ಬೇರೆ ಬೀಗಕ್ಕೆ ಆ ಕೀಲಿ ಹತ್ತುವುದಿಲ್ಲ. 72 ಡಿಗ್ರಿಯಲ್ಲಿ ಒಂದು ಕಿಣ್ವ ಅಲ್ಲಿಂದ ಮುಂದಕ್ಕೆ ಹೊಸ ಎಳೆ ನೇಯುತ್ತದೆ. ಒಂದು ಎರಡಾಯಿತು. ಮತ್ತೆ ಬಿಸಿ, ಮತ್ತೆ ತಂಪು; ಎರಡು ನಾಲ್ಕಾಯಿತು. ಮೂವತ್ತು ಸುತ್ತು ಮುಗಿಯುವಷ್ಟರಲ್ಲಿ ಎಷ್ಟಾಗುತ್ತದೆ? ಎರಡನ್ನು ಮೂವತ್ತು ಸಲ ಗುಣಿಸಿ ನೋಡಿ, ನೂರಾ ಏಳು ಕೋಟಿ ದಾಟುತ್ತದೆ. ಚದುರಂಗದ ಮನೆಗಳಲ್ಲಿ ಕಾಳು ಇಡಿಸಿ ರಾಜನ ಕಣಜ ಬರಿದು ಮಾಡಿದ ಜಾಣನ ಕಥೆಯೇ ಇದು. ಬಳಿಕ ಆ ತುಣುಕಿನ ಅಕ್ಷರಗಳನ್ನು ಯಂತ್ರದಲ್ಲಿ ಓದಿ, ಜಗತ್ತಿನ ಇತರ ಕಡೆ ಓದಿಟ್ಟ ಅಕ್ಷರಗಳೊಂದಿಗೆ ತಾಳೆ ನೋಡುತ್ತಾರೆ. ಯಾವ ಜಾತಿ, ಯಾರ ಹತ್ತಿರದ ಬಂಧು ಎಂಬುದೆಲ್ಲ ಆಗ ಹೊರಬೀಳುತ್ತದೆ.

ಇದು ನಮ್ಮ ರಾಜ್ಯದಲ್ಲೇ ನಡೆದಿರುವ ಕೆಲಸ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಅವರ ತಂಡ ಹಾಸನ ಜಿಲ್ಲೆಯ ಕಾಡುಮನೆಯ ಚಹಾ ತೋಟ, ಶೋಲಾ ಕಾಡುಗಳ ನಡುವೆ ಬೋನಿಟ್ಟು ಇಲಿ, ಮೂಗಿಲಿಗಳನ್ನು ಹಿಡಿದು ಪರೀಕ್ಷಿಸಿತು. ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಹಲವು ಬಗೆಗಳು ಆ ಪುಟ್ಟ ಜೀವಿಗಳಲ್ಲಿ ಧಾರಾಳವಾಗಿ ಸಿಕ್ಕವು. 2021ರಲ್ಲಿ ಅದು ಪ್ರಕಟವಾಯಿತು. ಮಲೆನಾಡಿನ ಇಲಿಗೆ ಸಲ್ಲುವ ವಿದ್ಯೆ ಸಗರನಾಡಿನ ಹೆಗ್ಗಣಕ್ಕೂ ಸಲ್ಲುತ್ತದೆ. ಮಂಜುಗಡ್ಡೆಯ ಪೆಟ್ಟಿಗೆ, ನಿಯಮದಂತೆ ಪಡೆದ ಅನುಮತಿ, ಕೈಗವಸು ಮತ್ತು ತಾಳ್ಮೆ ಇದ್ದರೆ ಆಯಿತು.

ಎರೆ ನಾಡಿಗೆ ಇನ್ನೂ ಸಮೀಪದ ಉದಾಹರಣೆಯೂ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿ ಕುಸಿದು ಸುಮಾರು ಹತ್ತು ಸಾವಿರ ಜನ ಸತ್ತ ಭೂಕಂಪ ಅಂದಿನ ಗುಲ್ಬರ್ಗ ಜಿಲ್ಲೆಯನ್ನೂ ನಡುಗಿಸಿತ್ತು. ಹಿರಿಯರಿಗೆ ಆ ರಾತ್ರಿಯ ನೆನಪಿದೆ. ಮರುವರ್ಷ ಅದೇ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಾಮ್ಲಾ ಹಳ್ಳಿಯಲ್ಲಿ ಗಡ್ಡೆ ಪ್ಲೇಗು ಕಾಣಿಸಿತು. ಬಿಟ್ಟುಹೋದ ಮನೆಗಳಲ್ಲಿ ಉಳಿದ ಧಾನ್ಯ ಇಲಿಗಳನ್ನು ಹೆಚ್ಚಿಸಿತೆಂದು ತಜ್ಞರು ಹೇಳಿದರು. ಸೆಪ್ಟೆಂಬರ್‌ನಲ್ಲಿ ಸೂರತ್ ತಲ್ಲಣಿಸಿತು. ಭಾರತದಲ್ಲಿ ಅದಕ್ಕೆ ಮೊದಲು ಪ್ಲೇಗು ಖಚಿತವಾಗಿದ್ದು 1966ರಲ್ಲಿ, ನಮ್ಮ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. 28 ವರ್ಷ ಎಲ್ಲಿ ಅಡಗಿತ್ತು? ನಿಜವಾಗಿ ಪ್ಲೇಗೇ ಹೌದೆ? ವಾದ ಬಹುಕಾಲ ನಡೆಯಿತು. ಹೈದರಾಬಾದಿನ ಸಿಸಿಎಂಬಿಯ ಎಸ್. ಶಿವಾಜಿ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದ ಜೀನ್ ಓದಿ, ಅದು ಯೆರ್ಸೀನಿಯಾ ಪೆಸ್ಟಿಸ್ ಎಂದೇ 2000ದಲ್ಲಿ ವರದಿ ಮಾಡಿದರು. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದವರು ರೋಗಿಗಳಿಂದ ಪಡೆದ ಬ್ಯಾಕ್ಟೀರಿಯಾವನ್ನೂ ದಖ್ಖನ್ ಪ್ರಸ್ಥಭೂಮಿಯ ದಂಶಕಗಳಲ್ಲಿ ಸಿಕ್ಕಿದ್ದನ್ನೂ ಜೀನ್ ಮಟ್ಟದಲ್ಲಿ ಹೋಲಿಸಿ ನೋಡಿದರು. ಪ್ಲೇಗಿನ ಬ್ಯಾಕ್ಟೀರಿಯಾಕ್ಕೆ ಬಯಲಿನ ಜರ್ಬಿಲ್‌ನಂಥ ಕಾಡು ಇಲಿಯ ಬಿಲವೇ ತವರು. ಚಿಗಟ ಅದರ ವಾಹನ. ಮನೆ ಇಲಿಗಳು ಸಾಯತೊಡಗಿದ ಮೇಲೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಅಜ್ಜಂದಿರು ಜೀನ್ ಓದಿದವರಲ್ಲ, ಇಲಿಯನ್ನು ಓದಿದವರು.

ಶಹಾಪುರದಿಂದ ಸುರಪುರಕ್ಕೆ ಹೋಗುವವರು ವಿಭೂತಿಹಳ್ಳಿಯ ಬಯಲಿನಲ್ಲಿ ಸಾಲುಸಾಲಾಗಿ ಇಟ್ಟ ಬೃಹತ್ ಶಿಲಾಯುಗದ ಗುಂಡುಗಳನ್ನು ನೋಡದೆ ಹೋಗಬಾರದು. ಇವನ್ನು ಲೋಕಕ್ಕೆ ಪರಿಚಯಿಸಿದವನು ಸುರಪುರದಲ್ಲಿ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಸುರಪುರದ ಗುಡ್ಡದ ಮೇಲೆ ಈಗಲೂ ನಿಂತಿದೆ. ಅವನು ಮಗನಂತೆ ಕಂಡ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಅಸುನೀಗಿದ ಕಥೆ ಈ ಊರಿನ ಕಲ್ಲು ಕಲ್ಲಿಗೂ ಗೊತ್ತು.

ಅದಕ್ಕಿಂತ ಬಹಳ ಹಿಂದಿನ ಕಥೆ ಇದೇ ಸೀಮೆಯ ಬೂದಿಹಾಳದ್ದು. ಹೆಸರೇ ಹೇಳುವಂತೆ ಅಲ್ಲಿರುವುದು ಬೂದಿಯ ದಿಬ್ಬ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1990ರ ದಶಕದಲ್ಲಿ ಅಲ್ಲಿ ಅಗೆದು, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳ ಹಟ್ಟಿ, ಸುಟ್ಟ ಸಗಣಿಯ ಪದರ, ದನ ಕಡಿದ ಜಾಗ ಎಲ್ಲವನ್ನೂ ಬೆಳಕಿಗೆ ತಂದರು. ಸಗಣಿಯನ್ನು ಯಾಕೆ ಸುಟ್ಟರು? ಪೂಜೆಗೆಂದು ಕೆಲವರು, ಹಟ್ಟಿ ಚೊಕ್ಕಟವಾಗಿರಲೆಂದು ಕೆಲವರು. ಎರಡೂ ಇದ್ದಿರಬಾರದೇಕೆ? ಆ ಕಾಲದಲ್ಲೂ ದನ, ಇಲಿ, ಮನುಷ್ಯ ಒಂದೇ ಸೂರಿನಡಿ ಇದ್ದವರು. ರಷ್ಯಾದ ಅರ್ಕಾಯಿಮ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ ಹಳೆಯ ಒಂದು ಕುರಿಯ ಅವಶೇಷದಲ್ಲಿ ಪ್ಲೇಗಿನ ಡಿಎನ್ಎ ಸಿಕ್ಕಿದ ಸುದ್ದಿ 2025ರಲ್ಲಿ ಬಂತು. ಅಲ್ಲಿಯ ಚಳಿ ಅದನ್ನು ಕಾಪಾಡಿತು. ಸುರಪುರದ ಬಿಸಿಲಿನಲ್ಲಿ ಹಳೆಯ ಎಲುಬಿನ ಡಿಎನ್ಎ ಉಳಿಯುವುದು ಕಷ್ಟ. ಬೂದಿಹಾಳದ ದನಗಳು ತಮ್ಮ ಜ್ವರದ ಗುಟ್ಟನ್ನು ಮಣ್ಣಿಗೇ ಹೇಳಿ ಹೋಗಿರಬೇಕು.

ಬದುಕಿರುವ ಹೆಗ್ಗಣ ಹಾಗಲ್ಲ, ಅದರ ಗುಟ್ಟನ್ನು ಇಂದೇ ಕೇಳಬಹುದು. ಅಷ್ಟರವರೆಗೆ ತಂದೆತಾಯಂದಿರು ಮಾಡಬಹುದಾದದ್ದು ಒಂದಿದೆ. ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಕರೆದೊಯ್ದಾಗ ‘ಇವನು ಕಾಲುವೆಯಲ್ಲಿ ಈಜಿದ್ದ’, ‘ಇವಳು ನಾಟಿಗೆ ಗದ್ದೆಗೆ ಇಳಿದಿದ್ದಳು’ ಎಂದು ವೈದ್ಯರಿಗೆ ತಾವಾಗಿಯೇ ಹೇಳುವುದು. ಮೊದಲ ವಾರವಾದರೆ ರಕ್ತದಲ್ಲಿಯೇ ಪಿಸಿಆರ್ ಮೂಲಕ ಲೆಪ್ಟೊಸ್ಪೈರಾ ಸಿಗುವ ಸಂಭವ ಹೆಚ್ಚು. ಆಮೇಲೆ ಪ್ರತಿಕಾಯಗಳ ಪರೀಕ್ಷೆಯನ್ನು ನಂಬಬೇಕು. ಪಾದದಲ್ಲಿ ಗಾಯವಿದ್ದರೆ ಮುಚ್ಚಿಕೊಂಡೇ ನೀರಿಗಿಳಿಯಬೇಕು. ಸತ್ತ ಇಲಿಯನ್ನು ಬರಿಗೈಯಲ್ಲಿ ಎತ್ತಬಾರದು.

ಸಂಜೆ ಟೇಲರ್ ಮಂಜಿಲ್‌ನ ಗುಡ್ಡದ ಮೇಲೆ ನಿಂತು ನೋಡಿದರೆ ದೂರದಲ್ಲಿ ಕಾಲುವೆ ನೀರುಂಡ ಹೊಲಗಳು ಹಸಿರಾಗಿ, ಅದರಾಚೆಯ ಮಳೆ ನಂಬಿದ ನೆಲ ಕಪ್ಪಾಗಿ ಕಾಣುತ್ತವೆ. ಹಸಿರು ಮತ್ತು ಕಪ್ಪಿನ ಗೆರೆಯ ಮೇಲೆ ಕತ್ತಲಾಗುತ್ತಿದ್ದಂತೆ ಗೂಬೆ ಹಾರುತ್ತದೆ. ಬದುವಿನ ಬಿಲಗಳಿಂದ ಒಂದೊಂದೇ ಮೂಗು ಹೊರಗೆ ಬರತೊಡಗುತ್ತದೆ.